ಗೀಸರ್, ಇಸ್ತ್ರಿಪೆಟ್ಟಿಗೆ, ಓವನ್‌ಗಳ ಥರ್ಮೋಸ್ಟಾಟ್: ಹೊಂದಿಸುವ ಮತ್ತು ಪರೀಕ್ಷಿಸುವ ಬಗೆ

ನೀರು ಬೇಗ ಕಾಯಲೆಂದು ಗೀಸರಿನ ನಾಬನ್ನು ಕೊನೆಯವರೆಗೆ ತಿರುಗಿಸುವ, ಇಸ್ತ್ರಿಪೆಟ್ಟಿಗೆ ಬೇಗ ಬಿಸಿಯಾಗಲೆಂದು ಅದರ ಚಕ್ರವನ್ನು ಗರಿಷ್ಠ ಗುರುತಿಗೆ ಒಯ್ಯುವ ಅಭ್ಯಾಸ ಬಹಳ ಜನರಲ್ಲಿದೆ. ಇದರಿಂದ ಒಂದು ನಿಮಿಷವೂ ಉಳಿಯುವುದಿಲ್ಲ. ಇಂಥ ಉಪಕರಣಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ಥರ್ಮೋಸ್ಟಾಟ್ ವಿದ್ಯುತ್ತಿನ ಹರಿವನ್ನು ಹೆಚ್ಚು ಕಡಿಮೆ ಮಾಡುವ ಸಾಧನವಲ್ಲ. ಅದು ಉಷ್ಣತೆಗೆ ತಕ್ಕಂತೆ ತಾನಾಗಿ ಕೂಡುವ, ತಾನಾಗಿ ಬಿಡುವ ಒಂದು ಸ್ವಿಚ್ಚು ಅಷ್ಟೇ. ಸ್ವಿಚ್ಚು ಕೂಡಿರುವಷ್ಟು ಹೊತ್ತು ಹೀಟರ್ ತನ್ನ ಪೂರ್ಣ ಶಕ್ತಿಯಿಂದ ಕಾಯುತ್ತದೆ, ಬಿಟ್ಟೊಡನೆ ಸಂಪೂರ್ಣವಾಗಿ ನಿಲ್ಲುತ್ತದೆ. ನಾಬಿನಿಂದ ನಾವು ಗೊತ್ತುಮಾಡುವುದು ಎಲ್ಲಿ ನಿಲ್ಲಬೇಕೆಂಬುದನ್ನೇ ಹೊರತು ಎಷ್ಟು ಬೇಗ ತಲುಪಬೇಕೆಂಬುದನ್ನಲ್ಲ.

ಲೆಕ್ಕ ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. 15 ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಗೆ ಏರಿಸಲು ಸುಮಾರು 2200 ಕಿಲೋಜೂಲ್ ಶಾಖ ಬೇಕು. 2000 ವಾಟ್‌ನ ಹೀಟರ್ ಸೆಕೆಂಡಿಗೆ 2 ಕಿಲೋಜೂಲ್ ಶಾಖ ಕೊಡುವುದರಿಂದ, ನಷ್ಟವನ್ನು ಬಿಟ್ಟು ಹೇಳುವುದಾದರೆ, 18 ನಿಮಿಷ ಹಿಡಿಯುತ್ತದೆ. ನಾಬು 60ರಲ್ಲಿದ್ದರೂ 75ರಲ್ಲಿದ್ದರೂ ಆ 18 ನಿಮಿಷ ಬದಲಾಗುವುದಿಲ್ಲ. 75ರಲ್ಲಿದ್ದರೆ ನೀರು 60ಕ್ಕೆ ನಿಲ್ಲದೆ ಮುಂದಕ್ಕೂ ಕಾಯುತ್ತದೆ, ಬಳಿಕ ಆ ಹೆಚ್ಚುವರಿ ಶಾಖ ತೊಟ್ಟಿಯ ಗೋಡೆಯ ಮೂಲಕ ಸೋರಿಹೋಗುತ್ತದೆ.

ಹೊಂದಿಸುವ ಮೊದಲು ತಿಳಿದಿರಬೇಕಾದ ಇನ್ನೊಂದು ಸಂಗತಿಯೆಂದರೆ, ಸ್ವಿಚ್ಚು ಬಿಡುವ ಉಷ್ಣತೆಯೂ ಮತ್ತೆ ಕೂಡುವ ಉಷ್ಣತೆಯೂ ಒಂದೇ ಅಲ್ಲ. ಎರಡೂ ಒಂದೇ ಆಗಿದ್ದರೆ ಕಾಂಟ್ಯಾಕ್ಟುಗಳು, ಅಂದರೆ ಸ್ವಿಚ್ಚಿನೊಳಗೆ ಒಂದಕ್ಕೊಂದು ತಾಗುವ ಲೋಹದ ತುದಿಗಳು, ಸೆಕೆಂಡಿಗೊಮ್ಮೆ ಕೂಡಿ ಬಿಟ್ಟು, ಪ್ರತಿ ಸಲವೂ ಕಿಡಿ ಹಾರಿಸಿ, ಬೇಗನೆ ಸುಟ್ಟುಹೋಗುತ್ತಿದ್ದವು. ಆದ್ದರಿಂದ ನಡುವೆ ಕೆಲವು ಡಿಗ್ರಿಗಳ ಅಂತರವನ್ನು ಬೇಕೆಂದೇ ಇಟ್ಟಿರುತ್ತಾರೆ. ಓವನ್ ಒಳಗಿನ ಉಷ್ಣತೆ ಗುರುತಿಗಿಂತ ಒಮ್ಮೆ ಮೇಲೆ, ಒಮ್ಮೆ ಕೆಳಗೆ ತೂಗಾಡುವುದು ದೋಷವಲ್ಲ. ಅದರ ಸರಾಸರಿ ಗುರುತಿನ ಹತ್ತಿರವಿದ್ದರೆ ಸಾಕು.

ಯಾವುದರೊಳಗೆ ಏನಿದೆ

ಇಸ್ತ್ರಿಪೆಟ್ಟಿಗೆಯಲ್ಲಿರುವುದು ದ್ವಿಲೋಹ ಪಟ್ಟಿ. ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹದ ತಗಡುಗಳನ್ನು ಬೆಸೆದು ಈ ಪಟ್ಟಿಯನ್ನು ಮಾಡಿರುತ್ತಾರೆ. ಬಿಸಿಯೇರಿದಾಗ ಹೆಚ್ಚು ಹಿಗ್ಗುವ ತಗಡು ಹೊರಭಾಗವಾಗಿ, ಕಡಿಮೆ ಹಿಗ್ಗುವುದು ಒಳಭಾಗವಾಗಿ ಪಟ್ಟಿಯೇ ಬಾಗುತ್ತದೆ, ಬಾಗಿದ ತುದಿ ಕಾಂಟ್ಯಾಕ್ಟನ್ನು ದೂಡಿ ಬಿಡಿಸುತ್ತದೆ. ಮೇಲಿನ ಚಕ್ರವನ್ನು ತಿರುಗಿಸಿದಾಗ ಒಂದು ಸ್ಕ್ರೂ ಕೆಳಗಿಳಿದು, ಕಾಂಟ್ಯಾಕ್ಟು ಬಿಡಲು ಪಟ್ಟಿ ಎಷ್ಟು ಬಾಗಬೇಕೆಂಬುದನ್ನು ಬದಲಿಸುತ್ತದೆ. ಸಾಮಾನ್ಯವಾಗಿ ಪಟ್ಟಿಯ ಜೊತೆಗೆ ಒಂದು ಸ್ಪ್ರಿಂಗ್ ಎಲೆಯೂ ಇದ್ದು, ಕಾಂಟ್ಯಾಕ್ಟು ಮೆಲ್ಲಗೆ ತೆರೆಯದೆ ಟಕ್ಕೆಂದು ಹಾರಿ ತೆರೆಯುವಂತೆ ಮಾಡುತ್ತದೆ. ತಣ್ಣಗಿರುವ ಪೆಟ್ಟಿಗೆಯ ಚಕ್ರವನ್ನು ಸೊನ್ನೆಯಿಂದ ನಿಧಾನವಾಗಿ ತಿರುಗಿಸಿದರೆ ಕೇಳಿಬರುವ ಆ ಸದ್ದು ಥರ್ಮೋಸ್ಟಾಟ್ ಚಲಿಸುತ್ತಿದೆ ಎಂಬುದರ ಮೊದಲ ಸಾಕ್ಷಿ.

ನೀರು ತುಂಬಿಟ್ಟುಕೊಳ್ಳುವ ಗೀಸರಿನಲ್ಲಿ ಹೆಚ್ಚಾಗಿ ಕಾಣುವುದು ಸರಳಿನ ಥರ್ಮೋಸ್ಟಾಟ್. ಇದರಲ್ಲಿ ಹಿತ್ತಾಳೆಯ ಕೊಳವೆಯೊಳಗೆ ಇನ್ವಾರ್ ಎಂಬ ಮಿಶ್ರಲೋಹದ ಕಡ್ಡಿ ಇರುತ್ತದೆ. ಒಂದು ಮೀಟರ್ ಉದ್ದದ ಹಿತ್ತಾಳೆ 100 ಡಿಗ್ರಿ ಬಿಸಿಯೇರಿದರೆ ಸುಮಾರು 1.9 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಇನ್ವಾರ್ ಹಿಗ್ಗುವುದು ಸುಮಾರು 0.1 ಮಿಲಿಮೀಟರ್ ಮಾತ್ರ. ಕೊಳವೆ ಉದ್ದವಾಗಿ ಕಡ್ಡಿ ಹಾಗೆಯೇ ಉಳಿದಾಗ ಕಡ್ಡಿಯ ತುದಿ ಒಳಕ್ಕೆ ಸರಿದು ಸ್ವಿಚ್ಚನ್ನು ಬಿಡಿಸುತ್ತದೆ. ಸುಮಾರು 36 ಶೇಕಡಾ ನಿಕ್ಕಲ್ ಇರುವ ಈ ಮಿಶ್ರಲೋಹದ ಗುಣವನ್ನು 1896ರಲ್ಲಿ ಕಂಡುಕೊಂಡ ಶಾರ್ಲ್ ಎದುವಾರ್ ಗಿಯೋಮ್ ಅವರಿಗೆ 1920ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಹಿಗ್ಗದಿರುವ ಲೋಹವೊಂದಕ್ಕೆ ಅಂಥ ಮನ್ನಣೆ ಸಿಕ್ಕಿದ್ದು ಕೆಲವರಿಗೆ ವಿಚಿತ್ರವೆನಿಸಬಹುದು, ಆದರೆ ನಿಖರವಾದ ಅಳತೆಯ ಉಪಕರಣಗಳನ್ನು ಮಾಡುವವರಿಗೆ ಅದರ ಬೆಲೆ ಗೊತ್ತಿತ್ತು.

ಓವನ್‌ನಲ್ಲಿ ದ್ರವ ತುಂಬಿದ ಸಣ್ಣ ಬುರುಡೆಯೂ, ಅದರಿಂದ ನಾಬಿನವರೆಗೆ ಹೋಗುವ ಕೂದಲೆಳೆಯಷ್ಟು ಸಣ್ಣ ರಂಧ್ರದ ಲೋಹದ ಕೊಳವೆಯೂ ಇರುತ್ತವೆ. ಬಿಸಿಗೆ ಹಿಗ್ಗಿದ ದ್ರವ ಮತ್ತೊಂದು ತುದಿಯ ತೆಳುಪದರವನ್ನು ಉಬ್ಬಿಸಿ ಸ್ವಿಚ್ಚನ್ನು ತಳ್ಳುತ್ತದೆ. ಈ ಕೊಳವೆಯನ್ನು ಚೂಪಾಗಿ ಮಡಿಸಬಾರದು. ಅದು ಬಿರಿದು ದ್ರವ ಸೋರಿದರೆ ಒಳಗೆ ಎಷ್ಟೇ ಬಿಸಿಯಾದರೂ ಸ್ವಿಚ್ಚು ಬಿಡದಿರುವ ಸಾಧ್ಯತೆಯಿದೆ.

ವಿದ್ಯುತ್ ಕೆಟಲ್ ಅಳೆಯುವುದು ನೀರಿನ ಬಿಸಿಯನ್ನಲ್ಲ, ಹಬೆಯನ್ನು. ನೀರು ಕುದಿಯುವಾಗ ಏಳುವ ಹಬೆ ಒಂದು ಸಣ್ಣ ದಾರಿಯ ಮೂಲಕ ದ್ವಿಲೋಹ ಬಿಲ್ಲೆಯನ್ನು ತಲುಪಿದಾಗ ಅದು ಮಗುಚಿಕೊಂಡು ಸ್ವಿಚ್ಚನ್ನು ಬಿಡಿಸುತ್ತದೆ. ಮುಚ್ಚಳ ತೆರೆದಿದ್ದರೆ ಕೆಟಲ್ ಕುದಿಯುತ್ತಲೇ ಇರುವುದಕ್ಕೆ ಇದೇ ಕಾರಣ. ಅದನ್ನು ಕೆಟ್ಟಿದೆಯೆಂದು ಬಿಚ್ಚಬೇಕಾಗಿಲ್ಲ. ನೀರಿಲ್ಲದೆ ಕಾದರೆ ಹಬೆ ಏಳುವುದಿಲ್ಲವಾದ್ದರಿಂದ, ಆ ಅಪಾಯಕ್ಕಾಗಿ ತಳಕ್ಕೆ ತಾಗಿದಂತೆ ಬೇರೆಯೇ ಬಿಲ್ಲೆಯಿರುತ್ತದೆ.

ಸಾದಾ ರೈಸ್ ಕುಕ್ಕರಿನ ಉಪಾಯ ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಸೊಗಸಾದದ್ದು. ಪಾತ್ರೆಯ ತಳಕ್ಕೆ ತಾಗುವ, ಫೆರೈಟ್ ಎಂಬ ಕಾಂತವಸ್ತುವಿನ ತುಂಡೊಂದನ್ನು ಕೆಳಗಿನ ಅಯಸ್ಕಾಂತ ಹಿಡಿದುಕೊಂಡಿರುತ್ತದೆ. ಪಾತ್ರೆಯಲ್ಲಿ ನೀರಿರುವವರೆಗೆ ತಳ 100 ಡಿಗ್ರಿಯನ್ನು ಹೆಚ್ಚು ಮೀರುವುದಿಲ್ಲ. ಅಕ್ಕಿ ನೀರನ್ನೆಲ್ಲ ಹೀರಿದ ಮೇಲೆ ತಳದ ಉಷ್ಣತೆ ಏರಿ, ನೂರಕ್ಕಿಂತ ಸ್ವಲ್ಪ ಮೇಲಿನ ಒಂದು ಗೊತ್ತಾದ ಉಷ್ಣತೆಯಲ್ಲಿ ಫೆರೈಟ್ ತನ್ನ ಕಾಂತಗುಣವನ್ನು ಕಳೆದುಕೊಳ್ಳುತ್ತದೆ, ಸ್ಪ್ರಿಂಗ್ ಅಯಸ್ಕಾಂತವನ್ನು ಕೆಳಗೆಳೆದು ಸ್ವಿಚ್ಚನ್ನು ಬಿಡಿಸುತ್ತದೆ. ತಳಕ್ಕೂ ಆ ತುಂಡಿಗೂ ನಡುವೆ ಒಂದು ಕಾಳು ಸಿಕ್ಕಿಕೊಂಡರೂ ಸ್ಪರ್ಶ ಕೆಟ್ಟು, ಸ್ವಿಚ್ಚು ತಡವಾಗಿ ಬಿಟ್ಟು ಅಡಿ ಹಿಡಿಯುತ್ತದೆ. ಆದ್ದರಿಂದ ಪಾತ್ರೆಯನ್ನು ಇಡುವ ಮೊದಲು ಎರಡನ್ನೂ ಒರೆಸಬೇಕು.

ಡಿಜಿಟಲ್ ಉಪಕರಣಗಳಲ್ಲಿ ಥರ್ಮಿಸ್ಟರ್ ಎಂಬ ಸಣ್ಣ ಮಣಿಯಿದ್ದು, ಬಿಸಿಯೇರಿದಂತೆ ಅದರ ರೋಧ ಇಳಿಯುವುದನ್ನು ಒಂದು ಚಿಪ್ ಓದಿ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಅಥವಾ ಟ್ರಯಾಕ್ (ಎಲೆಕ್ಟ್ರಾನಿಕ್ ಸ್ವಿಚ್ಚು) ಮೂಲಕ ಹೀಟರನ್ನು ನಡೆಸುತ್ತದೆ. ಇಲ್ಲಿ ಟ್ರಯಾಕ್ ಇದ್ದರೆ ಶಕ್ತಿಯನ್ನು ಸ್ವಲ್ಪ ಸ್ವಲ್ಪವಾಗಿ ಹಂಚಿ ಕೊಡಲೂ ಸಾಧ್ಯ. ಸೊಳ್ಳೆ ಓಡಿಸುವ ದ್ರವದ ಉಪಕರಣದಂಥ ಕಿರಿಯ ಸಾಧನಗಳಲ್ಲಿ ಬೇರೆ ಥರ್ಮೋಸ್ಟಾಟ್ ಇರುವುದೇ ಇಲ್ಲ. ಬಿಸಿಯಾದಂತೆ ರೋಧ ಥಟ್ಟನೆ ಏರುವ ಬೇರಿಯಂ ಟೈಟನೇಟಿನ ಬಿಲ್ಲೆ ತನ್ನನ್ನು ತಾನೇ ಹಿಡಿತದಲ್ಲಿಟ್ಟುಕೊಳ್ಳುತ್ತದೆ.

ಹೊಂದಿಸುವುದು

ಗೀಸರನ್ನು 60 ಡಿಗ್ರಿಗೆ ಇಡುವುದು ಒಳ್ಳೆಯದು, ಇದಕ್ಕೆ ಎರಡು ಕಡೆಯಿಂದಲೂ ಕಾರಣಗಳಿವೆ. ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆಯುತ್ತದೆ, 60 ಡಿಗ್ರಿಯಲ್ಲಿ ಉಳಿಯುವುದಿಲ್ಲ. ಆದ್ದರಿಂದ ತೊಟ್ಟಿಯ ನೀರನ್ನು ಸದಾ ಉಗುರುಬೆಚ್ಚಗೆ ಇಟ್ಟುಕೊಳ್ಳುವುದು ಉಳಿತಾಯದಂತೆ ಕಂಡರೂ ಸರಿಯಲ್ಲ. ಇತ್ತ 60 ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲಿ ದೊಡ್ಡವರ ಚರ್ಮವನ್ನೂ ತೀವ್ರವಾಗಿ ಸುಡಬಲ್ಲದು, 50 ಡಿಗ್ರಿಯಲ್ಲಾದರೆ ಅದಕ್ಕೆ ಸುಮಾರು ಐದು ನಿಮಿಷ ಬೇಕು. ಮಕ್ಕಳ ಚರ್ಮ ಇನ್ನೂ ಬೇಗ ಸುಡುತ್ತದೆ. ಹಾಗಾಗಿ ತೊಟ್ಟಿಯಲ್ಲಿ 60 ಇರಲಿ, ನಲ್ಲಿಯ ಬಳಿ ತಣ್ಣೀರು ಬೆರೆಯಲಿ. ಮಕ್ಕಳು, ವೃದ್ಧರು ಇರುವಲ್ಲಿ ತಾನಾಗಿ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿಸುವುದು ಲೇಸು.

ಇಸ್ತ್ರಿಪೆಟ್ಟಿಗೆಯ ಮೇಲಿನ ಚುಕ್ಕೆಗಳಿಗೆ ಖಚಿತವಾದ ಅರ್ಥವಿದೆ. ಬಟ್ಟೆಯ ಪಟ್ಟಿಯ ಮೇಲಿನ ಗುರುತಿನಲ್ಲಿ ಒಂದು ಚುಕ್ಕೆಗೆ ಗರಿಷ್ಠ 110, ಎರಡಕ್ಕೆ 150, ಮೂರಕ್ಕೆ 200 ಡಿಗ್ರಿ. ಪೆಟ್ಟಿಗೆ ಬೇಗ ಬಿಸಿಯಾಗುತ್ತದೆ, ನಿಧಾನವಾಗಿ ಆರುತ್ತದೆ. ಆದ್ದರಿಂದ ಒಂದು ಚುಕ್ಕೆಯ ನೈಲಾನ್ ಬಟ್ಟೆಗಳಿಂದ ಆರಂಭಿಸಿ ಮೂರು ಚುಕ್ಕೆಯ ಹತ್ತಿ ಬಟ್ಟೆಗಳತ್ತ ಹೋಗಬೇಕು. ದೀಪ ಆರಿದೆಯೆಂದರೆ ಉಷ್ಣತೆ ಮುಟ್ಟಿದೆ ಎಂದಷ್ಟೇ ಅರ್ಥ, ವಿದ್ಯುತ್ ಸಂಪರ್ಕ ತಪ್ಪಿದೆ ಎಂದಲ್ಲ. ಮೊದಲ ಸಲ ದೀಪ ಆರಿದಾಗ ಉಷ್ಣತೆ ಸಾಮಾನ್ಯವಾಗಿ ಗುರುತಿಗಿಂತ ಸಾಕಷ್ಟು ಮೇಲೆ ಹೋಗಿರುತ್ತದೆ, ಏಕೆಂದರೆ ಪಟ್ಟಿ ಬಿಸಿಯಾಗುವಷ್ಟರಲ್ಲಿ ತಳ ಮುಂದೆ ಸಾಗಿರುತ್ತದೆ. ನಾಜೂಕಾದ ಬಟ್ಟೆಗೆ ದೀಪ ಎರಡನೆಯ ಸಲ ಆರುವವರೆಗೆ ಕಾಯುವುದು ಕ್ಷೇಮ.

ಪರೀಕ್ಷಿಸುವುದು

ಸಂದೇಹ ಬಂದಾಗ ಮೊದಲು ಉಷ್ಣತೆಯನ್ನೇ ಅಳೆಯಬೇಕು. ಓವನ್ನಿನ ನಡುವೆ ಓವನ್ ಥರ್ಮಾಮೀಟರ್ ಇಟ್ಟು, ಹೀಟರ್ ನಾಲ್ಕೈದು ಸಲ ಹತ್ತಿ ಆರುವವರೆಗೆ ಬಿಟ್ಟು, ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಅಂಕಿಗಳನ್ನು ಬರೆದುಕೊಂಡು ನಡುವಿನದನ್ನು ತೆಗೆಯಿರಿ. ಗೀಸರ್ ಆದರೆ, ದೀಪ ಆರಿದ ಕೂಡಲೇ ಬಿಸಿನೀರಿನ ನಲ್ಲಿಯನ್ನು ಮಾತ್ರ ತೆರೆದು, ಕೊಳವೆಯಲ್ಲಿ ನಿಂತ ತಣ್ಣನೆಯ ನೀರು ಹೋದ ಮೇಲೆ ಲೋಟದಲ್ಲಿ ಹಿಡಿದು ಅಳೆಯಬೇಕು. ದೂರದಿಂದ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರನ್ನು ಇಸ್ತ್ರಿಪೆಟ್ಟಿಗೆಯ ಹೊಳೆಯುವ ತಳದ ಮೇಲೆ ನೇರವಾಗಿ ಹಿಡಿದರೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ, ಹೊಳಪಿನ ಲೋಹ ಶಾಖವನ್ನು ಅಷ್ಟಾಗಿ ಸೂಸದಿರುವುದೇ ಇದಕ್ಕೆ ಕಾರಣ. ಬಿಸಿ ತಡೆಯುವ, ಹೊಳಪಿಲ್ಲದ ಕಪ್ಪು ಟೇಪಿನ ತುಂಡನ್ನು ಅಂಟಿಸಿ ಅದರ ಮೇಲೆ ಹಿಡಿದರೆ ಅಂಕಿ ನಂಬಲರ್ಹವಾಗುತ್ತದೆ. ಮಲ್ಟಿಮೀಟರಿಗೆ (ವೋಲ್ಟ್, ರೋಧ ಅಳೆಯುವ ಸಾಧನ) ಉಷ್ಣತೆ ಅಳೆಯುವ ಥರ್ಮೋಕಪಲ್ ತಂತಿ ಇದ್ದರೆ ಇನ್ನೂ ಉತ್ತಮ.

ಉಪಕರಣ ಬಿಸಿಯೇ ಆಗದಿದ್ದರೆ ಮಲ್ಟಿಮೀಟರ್ ಬೇಕು. ಪ್ಲಗ್ ಕಿತ್ತು, ಗೀಸರಾದರೆ ಮುಖ್ಯ ಸ್ವಿಚ್ಚನ್ನೂ ಆರಿಸಿ ವಿದ್ಯುತ್ ಇಲ್ಲವೆಂದು ಟೆಸ್ಟರಿನಿಂದ ಖಚಿತಪಡಿಸಿಕೊಂಡು, ಪೂರ್ತಿ ತಣ್ಣಗಾದ ಮೇಲೆಯೇ ಕವಚ ತೆಗೆಯಬೇಕು. ತಣ್ಣಗಿರುವ ಥರ್ಮೋಸ್ಟಾಟಿನ ಎರಡು ತುದಿಗಳ ನಡುವೆ ರೋಧ ಸೊನ್ನೆಯ ಹತ್ತಿರವಿರಬೇಕು. 230 ವೋಲ್ಟ್‌ನಲ್ಲಿ ನಡೆಯುವ 2000 ವಾಟ್‌ನ ಹೀಟರ್ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು. ವೋಲ್ಟೇಜನ್ನು ಅದರಿಂದಲೇ ಗುಣಿಸಿ ವಾಟಿನಿಂದ ಭಾಗಿಸಿದರೆ ಯಾವ ಹೀಟರಿನ ಅಂಕಿಯಾದರೂ ಸಿಗುತ್ತದೆ. ಕಾಯಿಲ್ಲಿಗೂ ಹೊರಮೈಗೂ ನಡುವೆ ಸಂಪರ್ಕ ತೋರಿಸಿದರೆ ಆ ಹೀಟರನ್ನು (ಎಲಿಮೆಂಟನ್ನು) ಮತ್ತೆ ಬಳಸಲೇಬಾರದು. ಕಾಯಿಲ್ ಮತ್ತು ಥರ್ಮೋಸ್ಟಾಟ್ ಎರಡೂ ಸರಿಯಿದ್ದು ವಿದ್ಯುತ್ತಿನ ದಾರಿ ಎಲ್ಲೋ ಕಡಿದಿದ್ದರೆ, ಮಿತಿಮೀರಿ ಬಿಸಿಯಾದಾಗ ವಿದ್ಯುತ್ತನ್ನು ಕಡಿಯುವ ಥರ್ಮಲ್ ಫ್ಯೂಸ್ ಅಥವಾ ಗೀಸರಿನ ಕಟ್‌ಔಟ್ ಬಿಟ್ಟಿರಬಹುದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಥರ್ಮೋಸ್ಟಾಟಿನ ಕಾಂಟ್ಯಾಕ್ಟುಗಳು ಸವೆದು ಎರಡು ರೀತಿಯಲ್ಲಿ ಕೆಡುತ್ತವೆ: ಕಪ್ಪುಗಟ್ಟಿ ಕೂಡದೇ ಹೋಗುತ್ತವೆ, ಇಲ್ಲವೇ ಕಿಡಿಯ ಬಿಸಿಗೆ ಕರಗಿ ಒಂದಕ್ಕೊಂದು ಬೆಸೆದುಕೊಂಡು ಬಿಡದೇ ಹೋಗುತ್ತವೆ. ಎರಡನೆಯದು ಸಂಭವಿಸಿದಾಗ ಉಪಕರಣವನ್ನು ಕಾಪಾಡುವುದು ಈ ಫ್ಯೂಸ್ ಮತ್ತು ಕಟ್‌ಔಟ್‌ಗಳು. ಥರ್ಮಲ್ ಫ್ಯೂಸ್ ಒಮ್ಮೆ ಕರಗಿದರೆ ಮುಗಿಯಿತು. ಕಟ್‌ಔಟನ್ನು ಗುಂಡಿ ಒತ್ತಿ ಮತ್ತೆ ಕೂಡಿಸಬಹುದು. ಆದರೆ ಅವು ಬಿಟ್ಟಿರುವುದು ರೋಗವಲ್ಲ, ಲಕ್ಷಣ. ಫ್ಯೂಸ್ ಜಾಗದಲ್ಲಿ ತಂತಿ ಸುತ್ತಿ ಉಪಕರಣವನ್ನು ನಡೆಸಿಕೊಡುವ ರಿಪೇರಿಯನ್ನು ಯಾರೇ ಸೂಚಿಸಿದರೂ ಒಪ್ಪಬೇಡಿ. ಆಗ ಬೆಸೆದುಕೊಂಡ ಥರ್ಮೋಸ್ಟಾಟಿಗೂ ಬೆಂಕಿಗೂ ನಡುವೆ ಏನೂ ಉಳಿಯುವುದಿಲ್ಲ. ಕಟ್‌ಔಟ್ ಎರಡನೆಯ ಸಲವೂ ಬಿಟ್ಟರೆ ಗುಂಡಿ ಒತ್ತುವುದನ್ನು ನಿಲ್ಲಿಸಿ ಥರ್ಮೋಸ್ಟಾಟನ್ನೂ ಎಲಿಮೆಂಟ್ ಮೇಲೆ ಕಟ್ಟಿದ ಸುಣ್ಣದ ಪದರವನ್ನೂ ನೋಡಬೇಕು.

ಥರ್ಮೋಸ್ಟಾಟ್ ಇಲ್ಲದ ಹೀಟರಿಗೆ ಹೊರಗಿನಿಂದ ಕಂಟ್ರೋಲರ್ ಜೋಡಿಸುವವರು ಒಂದು ಅಂಶವನ್ನು ಮರೆಯಬಾರದು. ಅಳೆಯುವ ತಂತಿ ನೀರಿನಿಂದ ಜಾರಿ ಹೊರಗೆ ಬಿದ್ದರೆ, ಕಂಟ್ರೋಲರ್ ಕೋಣೆಯ ಗಾಳಿಯನ್ನು ಅಳೆಯುತ್ತ ನೀರು ಇನ್ನೂ ತಣ್ಣಗಿದೆಯೆಂದು ತಿಳಿದು ಹೀಟರನ್ನು ನಿಲ್ಲಿಸುವುದೇ ಇಲ್ಲ. ತಂತಿಯನ್ನು ಕ್ಲಿಪ್ಪಿನಿಂದ ಭದ್ರಪಡಿಸಿ, ಕಂಟ್ರೋಲರಿನ ಆಂಪಿಯರ್ ಅಂಕಿ ಹೀಟರ್ ಎಳೆಯುವುದಕ್ಕಿಂತ ಧಾರಾಳವಾಗಿರಲಿ. 2000 ವಾಟ್‌ನ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಅದಕ್ಕೆ 10 ಆಂಪಿಯರಿನದು ಇಕ್ಕಟ್ಟು, 16ರದು ಸರಿ.

ಬದಲಿಸುವಾಗ

ಹೊಸ ಥರ್ಮೋಸ್ಟಾಟ್ ಕೊಳ್ಳುವಾಗ ಹಳೆಯದರ ಮೇಲೆ ಅಚ್ಚಾದ ಉಷ್ಣತೆಯ ಮಿತಿ, ಆಂಪಿಯರ್, ವೋಲ್ಟ್, ಸರಳಿನ ಉದ್ದ ಎಲ್ಲವನ್ನೂ ಹೋಲಿಸಿ ನೋಡಬೇಕು. ಉದ್ದದ ಸರಳು ಗೀಸರಿನ ಕೊಳವೆಯೊಳಗೆ ಹಿಡಿಯುವುದಿಲ್ಲ, ಗಿಡ್ಡದು ನೀರಿನ ಬೇರೊಂದು ಮಟ್ಟದ ಬಿಸಿಯನ್ನು ಓದುತ್ತದೆ. ತಂತಿಗಳನ್ನು ಬಿಚ್ಚುವ ಮೊದಲು ಫೋಟೋ ತೆಗೆದಿಡಿ. ಥರ್ಮಲ್ ಫ್ಯೂಸನ್ನು ಬೆಸೆಯಬಾರದು, ಬೆಸುಗೆಯ ಬಿಸಿಗೇ ಅದು ಕರಗಿಹೋಗಬಹುದು. ತುದಿಗಳನ್ನು ಲೋಹದ ತೋಳಿನೊಳಗೆ ಒತ್ತಿ ಹಿಡಿಸುವುದೇ ಸರಿಯಾದ ಕ್ರಮ. ತಯಾರಕರು ಬಣ್ಣ ಬಳಿದು ಮುಚ್ಚಿದ ಸ್ಕ್ರೂ ಕಂಡರೆ ಅದನ್ನು ಮುಟ್ಟದಿರಿ. ಅರ್ಥ್ ತಂತಿಯನ್ನು ಮರಳಿ ಬಿಗಿದು, ಗೀಸರಾದರೆ ತೊಟ್ಟಿ ತುಂಬಿ ಬಿಸಿನೀರಿನ ನಲ್ಲಿಯಿಂದ ಧಾರೆ ಬಂದ ಮೇಲಷ್ಟೇ ವಿದ್ಯುತ್ ಕೊಡಿ. ನಾಬನ್ನು ಮಧ್ಯದ ಗುರುತಿನಲ್ಲಿಟ್ಟು, ದೀಪ ಮೂರು ಸಲವಾದರೂ ತಾನಾಗಿ ಆರಿ ಹತ್ತುವವರೆಗೆ ಪಕ್ಕದಲ್ಲೇ ಇದ್ದು, ಪ್ರತಿ ಸಲ ಆರಿದಾಗಿನ ಉಷ್ಣತೆಯನ್ನು ಬರೆದುಕೊಳ್ಳಿ. ಆ ಅಂಕಿಗಳು ಒಂದಕ್ಕೊಂದು ಹತ್ತಿರವಿದ್ದರೆ ಕವಚವನ್ನು ಮುಚ್ಚಬಹುದು.