ವೈಫೈ ಪಾಸ್‌ವರ್ಡ್ ಮರೆತಿರಾ? ನಿಮ್ಮ ಫೋನಿಗೆ ನೆನಪಿದೆ

ಹೊಸ ಟಿವಿ ಗೋಡೆಗೇರಿದ ಕೂಡಲೇ ವೈಫೈ ಪಾಸ್‌ವರ್ಡ್ ಕೇಳುತ್ತದೆ. ಮನೆಮಂದಿ ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಶುರುವಾಗುವುದು ಎರಡು ಎಡವಟ್ಟು: ಒಬ್ಬರು ರೂಟರಿನ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡುತ್ತಾರೆ, ಇನ್ನೊಬ್ಬರು ಯಾವುದೋ ‘ಪಾಸ್‌ವರ್ಡ್ ಫೈಂಡರ್’ ಆ್ಯಪ್ ಇಳಿಸಿಕೊಳ್ಳುತ್ತಾರೆ. ರೀಸೆಟ್ ಮಾಡಿದರೆ ಇಂಟರ್‌ನೆಟ್ ಸಂಪರ್ಕಕ್ಕಾಗಿ ರೂಟರಿನೊಳಗೆ ತುಂಬಿಸಿಟ್ಟ ಲಾಗಿನ್ ವಿವರವೂ ಅಳಿಸಿಹೋಗಬಹುದು. ಆಗ ಪಾಸ್‌ವರ್ಡ್ ಹೋಗಲಿ, ನೆಟ್ಟೇ ಇರುವುದಿಲ್ಲ. ಆ ವೈಫೈಗೆ ಮೊದಲೇ ಸೇರಿಕೊಂಡಿರುವ ಫೋನ್ ಮನೆಯಲ್ಲಿ ಒಂದಿದ್ದರೆ ಇದ್ಯಾವುದೂ ಬೇಕಿಲ್ಲ.

ಕೈ ಹಾಕುವ ಮುನ್ನ ಒಂದು ಮಾತು. ಸೆಟ್ಟಿಂಗ್ಸ್‌ನಲ್ಲಿ ‘ಶೇರ್’ ಬಟನ್ನಿನ ಪಕ್ಕದಲ್ಲೇ ‘ಫರ್ಗೆಟ್’ ಇರುತ್ತದೆ. ‘ಪಾಸ್‌ವರ್ಡ್ ಮರೆತಿದ್ದೇನೆ’ ಅಂತ ಅದರರ್ಥ ಎಂದುಕೊಂಡು ಒತ್ತುವವರು ಬಹಳ. ಅದನ್ನು ಒತ್ತಿದರೆ ಮರೆಯುವುದು ಫೋನ್. ಆ ಮೇಲೆ ಅದೇ ಫೋನಿನಿಂದ ಪಾಸ್‌ವರ್ಡ್ ಹೊರತೆಗೆಯಲು ದಾರಿಯಿಲ್ಲ.

ಐಫೋನ್ ಇದ್ದವರ ಕೆಲಸ ಅರ್ಧ ನಿಮಿಷದ್ದು. ಐಓಎಸ್ 16 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಸೆಟ್ಟಿಂಗ್ಸ್, ವೈಫೈ, ನೆಟ್‌ವರ್ಕ್ ಹೆಸರಿನ ಪಕ್ಕದ ‘ಐ’ ಗುರುತು, ಅಲ್ಲಿ ‘ಪಾಸ್‌ವರ್ಡ್’ ಸಾಲು. ಮುಖವನ್ನೋ ಬೆರಳನ್ನೋ ತೋರಿಸಿದರೆ ಅಕ್ಷರಗಳು ಕಾಣುತ್ತವೆ, ಕಾಪಿಯೂ ಮಾಡಬಹುದು. ಹತ್ತಿರದಲ್ಲಿಲ್ಲದ ನೆಟ್‌ವರ್ಕ್ ಬೇಕಿದ್ದರೆ ವೈಫೈ ಪುಟದ ಮೇಲಿರುವ ‘ಎಡಿಟ್’ ಒತ್ತಿ, ಹಳೆಯ ಪಟ್ಟಿ ಪೂರ್ತಿ ಬರುತ್ತದೆ. ಐಓಎಸ್ 18ರಿಂದೀಚೆಗೆ ‘ಪಾಸ್‌ವರ್ಡ್ಸ್’ ಎಂಬ ಪ್ರತ್ಯೇಕ ಆ್ಯಪ್ಪಿನಲ್ಲೂ ವೈಫೈ ವಿಭಾಗವಿದೆ.

ಆಂಡ್ರಾಯ್ಡ್‌ನಲ್ಲಿ ದಾರಿ ಒಂದೇ, ಫಲಕಗಳು ಬೇರೆ ಬೇರೆ. ಆಂಡ್ರಾಯ್ಡ್ 10 ಅಥವಾ ಅದರ ನಂತರದ್ದು ಇರಬೇಕು. ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್ ಅಂಡ್ ಇಂಟರ್‌ನೆಟ್’ (ಸ್ಯಾಮ್‌ಸಂಗ್‌ನಲ್ಲಿ ‘ಕನೆಕ್ಷನ್ಸ್’) ತೆರೆದು, ವೈಫೈ ಹೆಸರಿನ ಪಕ್ಕದ ಹಲ್ಲುಚಕ್ರದ ಗುರುತು ಒತ್ತಿ, ‘ಶೇರ್’ ಅಥವಾ ‘ಕ್ಯೂಆರ್ ಕೋಡ್’ ಆರಿಸಿ. ಫೋನ್ ನಿಮ್ಮ ಪಿನ್ ಅಥವಾ ಬೆರಳಚ್ಚು ಕೇಳುತ್ತದೆ. ಅದಾದ ಮೇಲೆ ಕಪ್ಪುಬಿಳುಪು ಚೌಕ ಬರುತ್ತದೆ. ಕೆಲವು ಫೋನುಗಳಲ್ಲಿ ಚೌಕದ ಕೆಳಗೇ ಪಾಸ್‌ವರ್ಡ್ ಬರೆದಿರುತ್ತದೆ. ಹಾಗಿದ್ದರೆ ನಿಮ್ಮ ಕೆಲಸ ಇಲ್ಲಿಗೇ ಮುಗಿಯಿತು. ಹಲವು ಫೋನುಗಳು ಚೌಕವನ್ನಷ್ಟೇ ತೋರಿಸಿ ಸುಮ್ಮನಾಗುತ್ತವೆ. ಜನ ಕೈಚೆಲ್ಲುವುದು ಇಲ್ಲೇ.

ಇನ್ನೊಂದು ಫೋನಿಗೆ ನೆಟ್ ಕೊಡುವುದಷ್ಟೇ ಉದ್ದೇಶವಾಗಿದ್ದರೆ ಅದರ ಕ್ಯಾಮೆರಾವನ್ನು ಚೌಕಕ್ಕೆ ಹಿಡಿದರೆ ಆಯಿತು. ಟಿವಿಗೋ ಪ್ರಿಂಟರಿಗೋ ಅಕ್ಷರಗಳೇ ಬೇಕು. ಆ ಅಕ್ಷರಗಳು ಚೌಕದೊಳಗೇ ಇವೆ, ಅದೂ ಬಿಚ್ಚುಬಿಚ್ಚಾಗಿ, ಯಾವ ಗೂಢಲಿಪಿಯೂ ಇಲ್ಲದೆ. ಓದಿಸುವುದು ಹೀಗೆ: ಚೌಕದ ಸ್ಕ್ರೀನ್‌ಶಾಟ್ ತೆಗೆದು, ಗ್ಯಾಲರಿಯಲ್ಲಿ ಅಥವಾ ಗೂಗಲ್ ಫೋಟೋಸ್‌ನಲ್ಲಿ ತೆರೆದು ‘ಲೆನ್ಸ್’ ಒತ್ತಿ. ಸ್ಕ್ರೀನ್‌ಶಾಟ್ ತೆಗೆಯಲು ಫೋನ್ ಬಿಡದಿದ್ದರೆ ಇನ್ನೊಂದು ಫೋನಿನಲ್ಲಿ ಚೌಕದ ಫೋಟೋ ಹೊಡೆಯಿರಿ. ಪರದೆಯ ಮೇಲೆ ಬೆಳಕು ಪ್ರತಿಫಲಿಸದಂತೆ ಓರೆ ಹಿಡಿಯಿರಿ, ಚೌಕದ ನಾಲ್ಕೂ ಅಂಚಿನ ಬಿಳಿ ಜಾಗವನ್ನು ಕತ್ತರಿಸಬೇಡಿ. ಆ ಖಾಲಿ ಅಂಚು ಹೋದರೆ ಕೋಡ್ ಎಲ್ಲಿ ಶುರು ಎಂಬುದು ಸ್ಕ್ಯಾನರಿಗೆ ತಿಳಿಯದೆ ಓದು ಕೆಡಬಹುದು.

ಸ್ಕ್ಯಾನರ್ ‘ಸೇರಿಕೊಳ್ಳಿ’ ಎಂಬ ಬಟನ್ ಮಾತ್ರ ತೋರಿಸಿದರೆ ಅದನ್ನು ಬಿಟ್ಟು, ಕೋಡಿನ ಪಠ್ಯವನ್ನು ಇದ್ದಂತೆ ತೋರಿಸುವ ಸಾದಾ ಸ್ಕ್ಯಾನರ್ ಬಳಸಿ. ಅದರಲ್ಲಿ ಬರುವ ಸಾಲು ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಬರೆದರೆ ಅದರ ರೂಪ ಇಷ್ಟು:

ವೈಫೈ:ಎಸ್:ಮನೆ;ಟಿ:ಡಬ್ಲ್ಯೂಪಿಎ;ಪಿ:4172\;9083;;

‘ಎಸ್’ ನಂತರ ಬರುವುದು ನೆಟ್‌ವರ್ಕ್ ಹೆಸರು, ‘ಟಿ’ ನಂತರದ್ದು ಭದ್ರತೆಯ ಬಗೆ, ‘ಪಿ’ ನಂತರದ್ದು ಪಾಸ್‌ವರ್ಡ್. ಕೆಲವು ಫೋನುಗಳಲ್ಲಿ ಈ ತುಂಡುಗಳ ಕ್ರಮ ಹಿಂದುಮುಂದಾಗಬಹುದು, ಕೊನೆಯಲ್ಲಿ ‘ಎಚ್’ ಎಂಬ ಇನ್ನೊಂದು ತುಂಡೂ ಇರಬಹುದು, ‘ಪಿ’ಯನ್ನು ಹುಡುಕಿ. ತುಂಡು ಮುಗಿಯಿತೆಂದು ಹೇಳುವ ಸೆಮಿಕೋಲನ್ ಪಾಸ್‌ವರ್ಡಿನ ಭಾಗವಲ್ಲ. ಆದರೆ ಪಾಸ್‌ವರ್ಡಿನೊಳಗೇ ಸೆಮಿಕೋಲನ್, ಕೋಲನ್, ಅಲ್ಪವಿರಾಮ, ಉದ್ಧರಣ ಚಿಹ್ನೆ ಅಥವಾ ಹಿಂಬದಿಗೆ ವಾಲಿದ ಗೀಟು ಇದ್ದರೆ ಅದಕ್ಕೂ ಮೊದಲು ಹಿಂಬದಿಗೆ ವಾಲಿದ ಗೀಟೊಂದು ಸೇರಿಕೊಂಡಿರುತ್ತದೆ. ಮೇಲಿನ ಉದಾಹರಣೆಯ ನಿಜವಾದ ಪಾಸ್‌ವರ್ಡ್ 4172;9083, ಅಂದರೆ ಒಂಬತ್ತು ಗುರುತು. ವಾಲುಗೀಟನ್ನೂ ಸೇರಿಸಿ ಹತ್ತು ಒತ್ತಿದರೆ ಟಿವಿ ‘ತಪ್ಪು ಪಾಸ್‌ವರ್ಡ್’ ಎನ್ನುತ್ತಲೇ ಇರುತ್ತದೆ.

ಸಿಕ್ಕಿದ್ದನ್ನು ಕೈಯಲ್ಲಿ ಬರೆದುಕೊಳ್ಳಬೇಡಿ, ಕಾಪಿ ಮಾಡಿ. ಇಂಗ್ಲಿಷಿನ ಸಣ್ಣ ‘ಎಲ್’, ದೊಡ್ಡ ‘ಐ’, ಅಂಕೆ 1 ಮೂರೂ ಪರದೆಯ ಮೇಲೆ ಒಂದೇ ಕಡ್ಡಿ. ‘ಓ’ ಮತ್ತು 0 ಅಣ್ಣತಮ್ಮಂದಿರು. ಟಿವಿಯಲ್ಲಿ ಒತ್ತಲೇಬೇಕಾದಾಗ ಕಾಪಿ ಮಾಡಿದ್ದನ್ನು ನೋಟ್ಸ್‌ನಲ್ಲಿ ಅಂಟಿಸಿ, ಅಕ್ಷರವನ್ನು ದೊಡ್ಡದು ಮಾಡಿ ಒಂದೊಂದಾಗಿ ನೋಡಿ. ಮನೆಗಳಲ್ಲಿ ಬಳಸುವ ಡಬ್ಲ್ಯೂಪಿಎ2 ಬಗೆಯ ಭದ್ರತೆಯ ಪಾಸ್‌ವರ್ಡ್ 8ಕ್ಕಿಂತ ಕಡಿಮೆ, 63ಕ್ಕಿಂತ ಹೆಚ್ಚು ಗುರುತಿನದ್ದಾಗಿರುವುದಿಲ್ಲ. ನಿಮಗೆ ಏಳೇ ಸಿಕ್ಕಿದ್ದರೆ ಒಂದು ಎಲ್ಲೋ ಜಾರಿದೆ.

ಕ್ಯೂಆರ್ ಬಿಡಿಸಿಕೊಡುತ್ತೇವೆ ಎನ್ನುವ ವೆಬ್‌ಸೈಟುಗಳಿಗೆ ಆ ಚಿತ್ರ ಹಾಕಬೇಡಿ. ಮನೆಯ ನೆಟ್‌ವರ್ಕ್ ಹೆಸರು, ಪಾಸ್‌ವರ್ಡ್ ಎರಡನ್ನೂ ಒಟ್ಟಿಗೆ ಅಪರಿಚಿತರ ಕೈಗಿಟ್ಟಂತೆ. ‘ರೂಟ್ ಬೇಡ, ಒಂದೇ ಕ್ಲಿಕ್’ ಎನ್ನುವ ಆ್ಯಪ್‌ಗಳೂ ಬರೀ ಬೊಗಳೆ. ರೂಟ್ ಮಾಡದ, ಅಂದರೆ ಕಂಪನಿ ಹಾಕಿದ ಒಳಬೀಗ ಮುರಿಯದ ಫೋನಿನಲ್ಲಿ ಉಳಿಸಿದ ವೈಫೈ ಪಾಸ್‌ವರ್ಡನ್ನು ಹೊರಗಿನ ಆ್ಯಪ್ ಓದಲು ಆಂಡ್ರಾಯ್ಡ್ ಬಿಡುವುದೇ ಇಲ್ಲ. ಅವು ತೋರಿಸುವುದು ಜಾಹೀರಾತು.

ಆಂಡ್ರಾಯ್ಡ್ 9 ಅಥವಾ ಹಳೆಯ ಫೋನಿನ ಪಾಸ್‌ವರ್ಡ್ ಕಡತ ರೂಟ್ ಮಾಡದೆ ಕೈಗೆ ಸಿಗದು. ಇದೊಂದು ಕೆಲಸಕ್ಕಾಗಿ ಫೋನ್ ರೂಟ್ ಮಾಡುವುದು ಸೊಳ್ಳೆಗೆ ಕೊಡಲಿ ಎತ್ತಿದಂತೆ. ಅದರ ಬದಲು ರೂಟರಿನ ಬೆನ್ನಿನ ಚೀಟಿ ನೋಡಿ. ಯಾರೂ ಬದಲಿಸಿಲ್ಲದಿದ್ದರೆ ಅಲ್ಲಿರುವುದೇ ಪಾಸ್‌ವರ್ಡ್. ಬದಲಿಸಿದ್ದರೆ ವೈಫೈ ವಿವರದ ಪುಟದಲ್ಲಿ ‘ಗೇಟ್‌ವೇ’ ಎಂದಿರುವ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ, ಸಾಮಾನ್ಯವಾಗಿ ಅದು 192.168.0.1 ಅಥವಾ 192.168.1.1. ಅಲ್ಲಿ ಕೇಳುವುದು ರೂಟರಿನ ಆಡಳಿತದ ಪಾಸ್‌ವರ್ಡ್, ವೈಫೈಯದ್ದಲ್ಲ. ಯಾರೂ ಬದಲಿಸಿಲ್ಲದಿದ್ದರೆ ಇದೂ ಸಾಮಾನ್ಯವಾಗಿ ಚೀಟಿಯಲ್ಲೇ ಇರುತ್ತದೆ, ಬೇರೆ ಸಾಲಿನಲ್ಲಿ.

ಕಚೇರಿಯ ವೈಫೈಯಲ್ಲಿ ‘ಶೇರ್’ ಬಟನ್ನೇ ಕಾಣದಿದ್ದರೆ ಫೋನ್ ಕೆಟ್ಟಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬಳಕೆದಾರ ಹೆಸರು ಕೊಡುವ ನೆಟ್‌ವರ್ಕ್‌ಗಳಲ್ಲಿ ಹಂಚುವಂಥ ಒಂದೇ ಪಾಸ್‌ವರ್ಡ್ ಇರುವುದಿಲ್ಲ. ಸರಿಯಾಗಿ ಒತ್ತಿದರೂ ಟಿವಿ ಒಪ್ಪದಿದ್ದರೆ, ಪಾಸ್‌ವರ್ಡ್ ತೆಗೆದ ಫೋನ್ ಈಗಲೂ ಆ ವೈಫೈಯಲ್ಲೇ ಇದೆಯೇ ನೋಡಿ. ರೂಟರಿನಲ್ಲಿ ಪಾಸ್‌ವರ್ಡ್ ಬದಲಾಗಿದ್ದರೂ ಫೋನ್ ತನ್ನ ಬಳಿಯ ಹಳೆಯದನ್ನೇ ತೋರಿಸುತ್ತದೆ.

ಕೆಲಸ ಮುಗಿದ ಮೇಲೆ ಸ್ಕ್ರೀನ್‌ಶಾಟ್ ಅಳಿಸಿ, ಗ್ಯಾಲರಿಯ ಕಸದಬುಟ್ಟಿಯಿಂದಲೂ ತೆಗೆಯಿರಿ. ಫೋಟೋಗಳು ತಾವಾಗಿ ಕ್ಲೌಡಿಗೆ ಏರುವ ಫೋನಾಗಿದ್ದರೆ ಅಲ್ಲಿಯೂ ಒಮ್ಮೆ ನೋಡಿ.