ಖಾಲಿ ಸ್ಟ್ರಿಪ್ ಒಲೆಗೆ ಹಾಕಬೇಡಿ: ಹಾರ್ಮೋನ್ ಗುಳಿಗೆ ಟ್ರಯಲ್‌ನ ಫಾಲೋಅಪ್, ಶಿರಸಿ ಕಡೆಯಿಂದ

ಸ್ತನ ಕ್ಯಾನ್ಸರಿನ ಹಾರ್ಮೋನ್ ಗುಳಿಗೆಯ ಟ್ರಯಲ್‌ಗೆ (ಔಷಧ ಪ್ರಯೋಗಕ್ಕೆ) ಹೆಂಗಸರನ್ನು ಸೇರಿಸುವ ಮೊದಲು ನಾನು ಗಟ್ಟಿ ಮಾಡಿಕೊಳ್ಳುವುದು ಒಂದೇ: ಮುಟ್ಟು ನಿಜಕ್ಕೂ ನಿಂತಿದೆಯೇ? 'ಹೊರಗಾಗೋದು ನಿಂತು ಎಷ್ಟು ವರ್ಷ ಆತು ಅಕ್ಕಾ?' ಎಂದರೆ ಉತ್ತರ ಸರಾಗ ಬರುತ್ತದೆ. ಆದರೆ 'ಗರ್ಭಕೋಶ ತೆಗೆಸಿದ್ದು' ಅಂದರೆ ಅಲ್ಲಿಗೆ ಮುಗಿಯಲಿಲ್ಲ. ಅಂಡಾಶಯ ಉಳಿದಿರಬಹುದು. 60 ದಾಟದವರಾದರೆ ಹಳೆಯ ಡಿಸ್ಚಾರ್ಜ್ ಕಾಗದ ತರಿಸಿ, ಅಂಡಾಶಯ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಎಫ್‌ಎಸ್‌ಎಚ್, ಎಸ್ಟ್ರಡಯಾಲ್ ಎಂಬ ಹಾರ್ಮೋನ್‌ಗಳ ರಕ್ತಪರೀಕ್ಷೆ ಎರಡನ್ನೂ ಮಾಡಿಸುತ್ತೇನೆ. ಕೀಮೊದಿಂದ ಮುಟ್ಟು ನಿಂತವರಲ್ಲಿ ಅದು ಮರಳಿ ಬರುವುದೂ ಉಂಟು. ಕೆಲಸ ಮಾಡುವ ಅಂಡಾಶಯ ಇದ್ದವರಿಗೆ ಎಸ್ಟ್ರೊಜನ್ ತಯಾರಾಗುವುದನ್ನು ತಡೆಯುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಗುಳಿಗೆ ಮಾತ್ರ ಕೊಟ್ಟರೆ ಎಸ್ಟ್ರೊಜನ್ ಇಳಿಯುವುದಿಲ್ಲ, ಅಂಡಾಶಯ ಇನ್ನಷ್ಟು ಚುರುಕಾಗಲೂಬಹುದು.

ಆಮೇಲೆ ಗುಳಿಗೆ ಎಣಿಕೆ. ಮೂರು ತಿಂಗಳ ವಿಸಿಟ್‌ಗೆ 100 ಗುಳಿಗೆ ಕೊಟ್ಟಿದ್ದೀರಿ, 22 ವಾಪಸ್ ಬಂತು, ನಡುವೆ 91 ದಿನ ಎಂದಿಟ್ಟುಕೊಳ್ಳಿ. ನುಂಗಿದ್ದು 78, ಅಂದರೆ ಸುಮಾರು ಶೇ. 86. ಲೆಕ್ಕ ಸುಲಭ, ಸ್ಟ್ರಿಪ್ ಸಿಗುವುದೇ ಕಷ್ಟ. ಖಾಲಿಯಾದದ್ದು ಬಚ್ಚಲೊಲೆಗೆ ಹೋಗಿರುತ್ತದೆ. ಹಾಗಾಗಿ ಮೊದಲ ದಿನವೇ ಜಿಪ್ ಚೀಲ ಕೊಟ್ಟು, ಖಾಲಿಯೂ ಉಳಿದದ್ದೂ ಅದರಲ್ಲೇ ಇರಲಿ ಎನ್ನುತ್ತೇನೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ನಂಬುವ ಹಾಗಿಲ್ಲ, ಅದಕ್ಕೇ ಹತ್ತು ದಿನದ ಹೆಚ್ಚುವರಿ ಗುಳಿಗೆ. ಶೇ. 100 ದಾಟಿದರೆ ಮೊದಲು ಕೊಟ್ಟ ತಾರೀಖು ನೋಡಿ, ತಪ್ಪು ಸಾಮಾನ್ಯವಾಗಿ ನಮ್ಮದೇ. 'ದಿನಾ ತಗೋತೀರಾ?' ಎಂದು ಕೇಳಲೇಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. 'ಈ ವಾರ ಎಷ್ಟು ದಿನ ತಪ್ಪಿತು?' ಎನ್ನಿ.

ತಪ್ಪಿಸುವುದಕ್ಕೆ ದೊಡ್ಡ ಕಾರಣ ಸಂದುನೋವು. ಅನಾಸ್ಟ್ರೊಜೋಲನ್ನು ಹಳೆಯ ಹಾರ್ಮೋನ್ ಗುಳಿಗೆ ಟ್ಯಾಮಾಕ್ಸಿಫೆನ್ ಜೊತೆ ಹೋಲಿಸಿದ, 9,366 ಹೆಂಗಸರ ಅಟಾಕ್ (ATAC) ಟ್ರಯಲ್‌ನಲ್ಲಿ ಇದು ಅನಾಸ್ಟ್ರೊಜೋಲ್ 1 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ಶೇ. 35.6, ಟ್ಯಾಮಾಕ್ಸಿಫೆನ್ 20 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ಶೇ. 29.4 ಇತ್ತು. ಮೂಳೆ ಮುರಿತವೂ ಹಾಗೆಯೇ, ಶೇ. 11 ಮತ್ತು 7.7. ಗರ್ಭಕೋಶದ ಕ್ಯಾನ್ಸರು, ರಕ್ತ ಹೆಪ್ಪುಗಟ್ಟುವುದು ಮಾತ್ರ ಟ್ಯಾಮಾಕ್ಸಿಫೆನ್ ಕಡೆಯೇ ಹೆಚ್ಚು. ಆದರೂ ನೋವು ಬಂತೆಂದು ಯಾವ ಗುಳಿಗೆ ಇರಬಹುದೆಂದು ಊಹಿಸಹೋಗಬಾರದು, ಯಾರಿಗೆ ಯಾವ ಗುಳಿಗೆ ಎಂಬುದನ್ನು ಗುಟ್ಟಾಗಿಡುವ 'ಬ್ಲೈಂಡ್' ಅಲ್ಲಿಗೆ ಕೆಟ್ಟಿತು.

ನಮ್ಮಲ್ಲಿ ಈ ನೋವು ದಾಖಲೆಗೇ ಬರದೆ ಹೋಗುತ್ತದೆ. ಕೊಯ್ಲಿನ ಕಾಲದಲ್ಲಿ ಕೇಳಿದರೆ 'ಅಡಕೆ ಸುಲಿದು ಸುಲಿದು ಕೈ ಹಿಡಿದದ್ದು' ಅನ್ನುತ್ತಾರೆ, ನಮ್ಮವರು 'ನೋವಿಲ್ಲ' ಎಂದು ಬರೆದುಬಿಡುತ್ತಾರೆ. ಕಾರಣ ಏನೇ ಇರಲಿ, ಅಡ್ವರ್ಸ್ ಈವೆಂಟ್ ಫಾರಂನಲ್ಲಿ (ಟ್ರಯಲ್ ವೇಳೆ ಬಂದ ತೊಂದರೆ ದಾಖಲಿಸುವ ಹಾಳೆಯಲ್ಲಿ) ಬರೆಯಬೇಕು. ಗುಳಿಗೆಗೆ ಸಂಬಂಧ ಇದೆಯೋ ಇಲ್ಲವೋ ಎಂಬುದನ್ನು ಡಾಕ್ಟರು ತೀರ್ಮಾನಿಸಲಿ. ನಾನು ಕೇಳುವುದು ಹೀಗೆ: ಬೆಳಿಗ್ಗೆ ಎದ್ದಕೂಡಲೇ ಮುಷ್ಟಿ ಕಟ್ಟಲು ಬರುತ್ತದೆಯೇ? ಮೆಟ್ಟುಗತ್ತಿ ಮುಂದೆ ಕೂತು ಮೊದಲ ಅಡಕೆ ಬಿಗಿಯಾಗಿ ಹಿಡಿಯಲು ಎಷ್ಟು ಹೊತ್ತು ಬೇಕು? ಸುಲಿಯುವ ಕೆಲಸ ಮುಗಿದು ತಿಂಗಳಾದ ಮೇಲೆ ಫೋನಿನಲ್ಲಿ ಅದೇ ಪ್ರಶ್ನೆ ಮತ್ತೆ ಕೇಳಿ, ಎರಡನ್ನೂ ತಾರೀಖು ಹಾಕಿ ಬರೆದಿಡುತ್ತೇನೆ.