ವಿಷಪದಾರ್ಥ ಬಳಸುವ ಕಾರ್ಖಾನೆ: ಯಾವ ದಾಖಲೆ, ಯಾವ ಕ್ರಮದಲ್ಲಿ?

ಬೆಂಗಳೂರಿನ ಪೀಣ್ಯ, ಕಾಮಾಕ್ಷಿಪಾಳ್ಯ, ಬೊಮ್ಮಸಂದ್ರದಂಥ ಕಡೆ ಕ್ರೋಮಿಯಂ ಲೇಪನವನ್ನೋ ಬಣ್ಣ ಸಿಂಪಡಿಸುವ ಕೆಲಸವನ್ನೋ ಮಾಡುವ ಸಣ್ಣ ಘಟಕಗಳಲ್ಲಿ ಸುರಕ್ಷತೆಯ ಕಡತವೇ ಇರುವುದಿಲ್ಲ ಎನ್ನುವಂತಿಲ್ಲ. ಕಡತ ಇರುತ್ತದೆ, ಆದರೆ ಎಷ್ಟೋ ಸಲ ಅದು ತಪಾಸಣೆಯ ದಿನ ತೋರಿಸಲೆಂದೇ ಸಿದ್ಧವಾದದ್ದು. ಅದರಲ್ಲಿರುವ ರಾಸಾಯನಿಕದ ಹೆಸರಿಗೂ ಡ್ರಮ್ಮಿನ ಮೇಲಿನ ಹೆಸರಿಗೂ, ಹಾಜರಿ ಪುಸ್ತಕಕ್ಕೂ ಆರೋಗ್ಯ ದಾಖಲೆಗೂ ತಾಳೆಯಾಗುವುದಿಲ್ಲ. ಯಾವ ಪದಾರ್ಥ, ಯಾರಿಗೆ, ಎಷ್ಟು ಹೊತ್ತು ತಗುಲಿತು ಎಂಬುದನ್ನು ಒಂದು ದಾಖಲೆಯಿಂದ ಇನ್ನೊಂದಕ್ಕೆ ಹುಡುಕಿಕೊಂಡು ಹೋಗುವಂತಿದ್ದರೆ ಮಾತ್ರ ಆ ಕಡತದಿಂದ ಪ್ರಯೋಜನವಿದೆ.

ಕಾನೂನಿನ ಹಿನ್ನೆಲೆ ಇಷ್ಟು. 1984ರ ಭೋಪಾಲ್ ದುರಂತದ ಬಳಿಕ, 1987ರಲ್ಲಿ, 1948ರ ಕಾರ್ಖಾನೆಗಳ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಕುರಿತ ಪ್ರತ್ಯೇಕ ಅಧ್ಯಾಯ ಸೇರಿತು. ಮಾಹಿತಿ ಬಹಿರಂಗ, ಆರೋಗ್ಯ ದಾಖಲೆ, ಕಾರ್ಮಿಕರೂ ಇರುವ ಸುರಕ್ಷತಾ ಸಮಿತಿ ಎಲ್ಲವೂ ಅಲ್ಲಿಂದ ಬಂದವು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲೂ ಈ ಹೊಣೆಗಳು ಮುಂದುವರಿದಿವೆ.

ಮೊದಲು ಮಾಡಬೇಕಾದದ್ದು ಪಟ್ಟಿ. ಖರೀದಿ ಬಿಲ್ಲುಗಳನ್ನು ನೋಡಿ ಬರೆದರೆ ಅದು ಅರ್ಧ ಪಟ್ಟಿಯಷ್ಟೇ ಆಗುತ್ತದೆ. ವೆಲ್ಡಿಂಗ್ ಹೊಗೆ, ಗ್ರೈಂಡಿಂಗ್ ದೂಳು, ಟ್ಯಾಂಕಿನಿಂದ ಏಳುವ ಆಮ್ಲದ ಮಂಜು ಯಾವ ಬಿಲ್ಲಿನಲ್ಲೂ ಸಿಗುವುದಿಲ್ಲ. ಆದ್ದರಿಂದ ಸೂಪರ್‌ವೈಸರ್ ಜೊತೆ ಒಂದು ಪಾಳಿಯುದ್ದಕ್ಕೂ ಓಡಾಡಿ, ಪ್ರತಿ ಜಾಗದಲ್ಲಿ ಏನು ಬಳಸುತ್ತಾರೆ, ಏನು ಹುಟ್ಟುತ್ತದೆ, ಯಾರು ನಿಂತಿರುತ್ತಾರೆ ಎಂದು ಬರೆದುಕೊಳ್ಳಬೇಕು. ವ್ಯಾಪಾರದ ಹೆಸರಿನ ಪಕ್ಕದಲ್ಲಿ ಸಿಎಎಸ್ ಸಂಖ್ಯೆ, ಅಂದರೆ ಪ್ರತಿ ರಾಸಾಯನಿಕಕ್ಕೂ ಜಗತ್ತಿನಾದ್ಯಂತ ಒಂದೇ ಆಗಿರುವ ಗುರುತಿನ ಸಂಖ್ಯೆ, ಇರಲಿ. ಅಂಗಡಿಯವರು ಕ್ರೋಮಿಕ್ ಆಸಿಡ್ ಎಂದು ಕೊಡುವ ಕಡುಗೆಂಪು ಚೂರುಗಳು ಕ್ರೋಮಿಯಂ ಟ್ರೈಆಕ್ಸೈಡ್. ಅದರ ಸಂಖ್ಯೆ 1333-82-0. ಹೆಸರು ಎಷ್ಟು ಬದಲಾದರೂ ಈ ಸಂಖ್ಯೆ ಬದಲಾಗುವುದಿಲ್ಲ. ಬಣ್ಣವನ್ನು ತೆಳುಗೊಳಿಸುವ ತಿನ್ನರ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಅದು ಮಿಶ್ರಣ. ಒಳಗಿರುವ ಟಾಲ್ವೀನ್‌ನಂಥ ಒಂದೊಂದು ದ್ರಾವಕವನ್ನೂ ಬೇರೆಯಾಗಿ ಬರೆಯಬೇಕು.

ಪಟ್ಟಿಯ ಪ್ರತಿ ಖರೀದಿ ವಸ್ತುವಿಗೂ ಸರಬರಾಜುದಾರರಿಂದ ಸುರಕ್ಷತಾ ದತ್ತಾಂಶ ಹಾಳೆ, ಅಂದರೆ ಕಾರ್ಖಾನೆಗಳಲ್ಲಿ ಎಲ್ಲರೂ ಎಂಎಸ್‌ಡಿಎಸ್ ಎನ್ನುವ ದಾಖಲೆ, ಪಡೆಯಬೇಕು. ಈಗಿನ ಮಾದರಿಯಲ್ಲಿ ಅದಕ್ಕೆ 16 ಭಾಗಗಳಿವೆ. ನಾಲ್ಕನೆಯದು ಪ್ರಥಮ ಚಿಕಿತ್ಸೆ, ಎಂಟನೆಯದು ಗಾಳಿಯಲ್ಲಿರಬಹುದಾದ ಮಿತಿ ಮತ್ತು ರಕ್ಷಣಾ ಸಾಮಗ್ರಿ. ಕೆಲಸದ ಜಾಗದಲ್ಲಿ ಬೇಕಾಗುವುದು ಮುಖ್ಯವಾಗಿ ಇವೆರಡೇ. ಇವುಗಳ ಸಾರವನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ, ಒಡಿಶಾ, ಬಿಹಾರದ ಕಡೆಯವರು ಕೆಲಸಕ್ಕಿದ್ದರೆ ಅವರ ಭಾಷೆಯಲ್ಲೂ ಬರೆಸಿ, ಟ್ಯಾಂಕಿನ ಪಕ್ಕದಲ್ಲೇ ತೂಗುಹಾಕಬೇಕು. ಇಂಗ್ಲಿಷ್ ಹಾಳೆಯನ್ನು ಮ್ಯಾನೇಜರ್ ಕೊಠಡಿಯ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಮಾಹಿತಿ ನೀಡಿದಂತಾಗುವುದಿಲ್ಲ. ಡ್ರಮ್ಮಿನಿಂದ ಸಣ್ಣ ಕ್ಯಾನಿಗೆ ಸುರಿದರೆ ಆ ಕ್ಯಾನಿಗೂ ಹೆಸರು ಮತ್ತು ಅಪಾಯದ ಗುರುತಿರುವ ಚೀಟಿ ಅಂಟಿಸಬೇಕು. ಕುಡಿಯುವ ನೀರಿನ ಬಾಟಲಿಗೆ ಸುರಿಯುವುದನ್ನಂತೂ ಪೂರ್ತಿ ನಿಲ್ಲಿಸಬೇಕು.

ಮುಂದಿನದು ಗಾಳಿಯ ಮಾಪನ. ಕಾರ್ಮಿಕನ ಸೊಂಟಕ್ಕೆ ಸಣ್ಣ ಪಂಪು ಕಟ್ಟಿ, ಅದರ ಕೊಳವೆಯ ತುದಿಯನ್ನು ಅಂಗಿಯ ಕಾಲರ್ ಬಳಿ ಸಿಕ್ಕಿಸಿ, ಅವನು ಉಸಿರಾಡುವ ಗಾಳಿಯನ್ನೇ ಸಂಗ್ರಹಿಸುವುದು ಸರಿಯಾದ ವಿಧಾನ. ಮೂಲೆಯಲ್ಲಿ ಯಂತ್ರ ನಿಲ್ಲಿಸಿ ಪಡೆದ ಅಂಕಿ ಆ ಮೂಲೆಯ ಗಾಳಿಯನ್ನಷ್ಟೇ ಹೇಳುತ್ತದೆ. 1948ರ ಕಾಯ್ದೆಯ ಎರಡನೇ ಅನುಸೂಚಿಯ ಪ್ರಕಾರ, ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಕ್ರೋಮಿಕ್ ಆಮ್ಲದ ಮಿತಿ, ಕ್ರೋಮಿಯಂ ಲೆಕ್ಕದಲ್ಲಿ, 0.05 ಮಿಲಿಗ್ರಾಂ, ಸೀಸದ ಹೊಗೆ ಮತ್ತು ದೂಳಿನ ಮಿತಿ 0.15 ಮಿಲಿಗ್ರಾಂ. ವರದಿಯಲ್ಲಿ ‘ಮಿತಿಯೊಳಗಿದೆ’ ಎಂಬ ಷರಾ ಒಂದೇ ಇದ್ದರೆ ಅದನ್ನು ಒಪ್ಪಿಕೊಳ್ಳಬೇಡಿ. ಯಾರ ಮೇಲೆ ಅಳೆದರು, ಯಾವ ಕೆಲಸ ನಡೆದಿತ್ತು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಹೊಗೆ ಹೀರುವ ಫ್ಯಾನ್ ಓಡುತ್ತಿತ್ತೋ ಇಲ್ಲವೋ ಎಂಬುದನ್ನು ಬರೆಯದ ಅಂಕಿಯನ್ನು ಮುಂದಿನ ವರ್ಷದ ಅಂಕಿಯೊಂದಿಗೆ ಹೋಲಿಸಲಾಗದು.

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡುವುದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಆರೋಗ್ಯ ದಾಖಲೆ. ಕಾಯಿಲೆ ತಲೆಯೆತ್ತುವ ಹೊತ್ತಿಗೆ ಕಾರ್ಮಿಕ ಕೆಲಸ ಬಿಟ್ಟಿರಬಹುದು, ಕಾರ್ಖಾನೆಯೇ ಮುಚ್ಚಿರಬಹುದು. ಅಪಾಯಕಾರಿ ಕೆಲಸಕ್ಕೆ ಹಚ್ಚುವ ಮೊದಲು, ಕೆಲಸದಲ್ಲಿರುವಾಗ 12 ತಿಂಗಳು ಮೀರದ ಅಂತರದಲ್ಲಿ, ಕೆಲಸ ಬಿಟ್ಟ ಮೇಲೆ ಹೀಗೆ ಮೂರೂ ಹಂತದ ವೈದ್ಯಕೀಯ ಪರೀಕ್ಷೆಯನ್ನು 1987ರ ತಿದ್ದುಪಡಿಯೇ ಕಡ್ಡಾಯ ಮಾಡಿತ್ತು. ಎತ್ತರ, ತೂಕ, ರಕ್ತದೊತ್ತಡ ಬರೆದು ‘ಫಿಟ್’ ಎಂದು ಮೊಹರು ಒತ್ತಿದ ಚೀಟಿ ಇದಕ್ಕೆ ಸಾಲದು. ಕ್ರೋಮಿಯಂ ಟ್ಯಾಂಕಿನ ಬಳಿ ನಿಲ್ಲುವವರ ಮೂಗಿನ ಒಳಗೋಡೆಯನ್ನು ವೈದ್ಯರು ದೀಪ ಹಿಡಿದು ನೋಡಲೇಬೇಕು, ಏಕೆಂದರೆ ಅಲ್ಲಿ ತೂತು ಬಿದ್ದರೂ ಹಲವರಿಗೆ ನೋವೇ ಇರುವುದಿಲ್ಲ. ಬೆರಳ ಸಂದು, ಉಗುರಿನ ಬುಡ, ಮುಂಗೈಗಳಲ್ಲಿ ಅಂಚು ದಪ್ಪಗಾಗಿ ನಡುವೆ ಗುಳಿಬಿದ್ದ ಹುಣ್ಣುಗಳಿವೆಯೇ ಎಂದು ಸೂಪರ್‌ವೈಸರ್ ಕೂಡ ಆಗಾಗ ನೋಡಿ, ದಿನಾಂಕ ಹಾಕಿ ಬರೆದಿಡಬೇಕು. ಸೀಸದ ಕೆಲಸವಾದರೆ ರಕ್ತದಲ್ಲಿನ ಸೀಸದ ಪ್ರಮಾಣ ದಾಖಲೆಯಲ್ಲಿರಬೇಕು. ಗುತ್ತಿಗೆ ಕಾರ್ಮಿಕರ ಹೆಸರುಗಳು ಬಿಟ್ಟುಹೋಗುವುದು ಇಲ್ಲಿಯೇ; ಟ್ಯಾಂಕಿನ ಮುಂದೆ ನಿಲ್ಲುವವರು ಹೆಚ್ಚಾಗಿ ಅವರೇ.

ಕ್ರೋಮಿಯಂ ಹುಣ್ಣು, ಸೀಸದ ವಿಷಬಾಧೆ, ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯಾದ ಸಿಲಿಕೋಸಿಸ್ ಮೊದಲಾದವು ಕಾನೂನಿನ ಮೂರನೇ ಅನುಸೂಚಿಯ ಕಾಯಿಲೆಗಳು. ಇವುಗಳಲ್ಲಿ ಒಂದು ಕಂಡುಬಂದರೆ ಆಡಳಿತವು ಸಂಬಂಧಪಟ್ಟ ಪ್ರಾಧಿಕಾರಕ್ಕೆ ಲಿಖಿತ ಸೂಚನೆ ಕಳಿಸಬೇಕು. ಚಿಕಿತ್ಸೆ ನೀಡಿದ ವೈದ್ಯರಿಗೂ ವರದಿ ಮಾಡುವ ಹೊಣೆ ಇದೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಪರಿಹಾರ ಕೇಳುವಾಗ ಕೆಲಸದ ಅವಧಿ, ಮಾಪನ ವರದಿ, ಪರೀಕ್ಷೆಯ ಫಲಿತಾಂಶ ಮೂರನ್ನೂ ಒಟ್ಟಿಗೆ ಇಡುವಂತಿದ್ದರೆ ವಾದ ಗಟ್ಟಿಯಾಗುತ್ತದೆ.

ತರಬೇತಿ ದಾಖಲೆಗೆ ದಿನಾಂಕ, ವಿಷಯ, ಭಾಷೆ, ಹಾಜರಾದವರ ಸಹಿ ಇದ್ದರೆ ಸಾಕು.

ಕಾರ್ಮಿಕರು ತಮ್ಮ ಆರೋಗ್ಯ ದಾಖಲೆಯನ್ನು ನೋಡಲು ಹಕ್ಕುಳ್ಳವರು. ಬಾಯಿಮಾತಿನಲ್ಲಿ ಕೇಳುವುದಕ್ಕಿಂತ, ಎರಡು ಪ್ರತಿಗಳಲ್ಲಿ ಅರ್ಜಿ ಬರೆದು ಒಂದರ ಮೇಲೆ ದಿನಾಂಕಸಹಿತ ಸ್ವೀಕೃತಿ ಪಡೆಯುವುದು ಮೇಲು. ಉತ್ತರ ಬಾರದಿದ್ದರೆ ಆ ಪ್ರತಿಯನ್ನು ಲಗತ್ತಿಸಿ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿರುವ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ದೂರು ಸಲ್ಲಿಸಬಹುದು.